ಪುಟ್ಟ ದೇಶದ ಪುಟ್ಟ ಮಕ್ಕಳ ಟೀಚರುಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಗುರುವಂದನಾ ಕಾರ್ಯಕ್ರಮದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನು ಮಾಡಿ, "ನೀವು ಹೊರದೇಶದಲ್ಲಿ ಪಾಠ ಮಾಡಿ ಬಂದವರು, ಆ ಅನುಭವ ಹೇಳಿ, ಮಕ್ಕಳಿಗೆ ಸ್ಫೂರ್ತಿಯಾಗುತ್ತದೆ" ಎಂದರು. ಹೊರದೇಶ ಅಂದರೆ ಅಮೆರಿಕ, ಲಂಡನ್ ಅಂದುಕೊಂಡು ಬಂದವರಿದ್ದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಾನು ಹೋಗಿದ್ದು ಮಾಲ್ಡೀವ್ಸ್‌ಗೆ. ನಾನು ಹೇಳಬೇಕೆಂದಿರುವುದು ಅಲ್ಲಿನ ರೆಸಾರ್ಟುಗಳ ವಿಷಯವೂ ಅಲ್ಲ. ಅಲ್ಲಿ ನರ್ಸರಿ ಮಕ್ಕಳಿಗೆ ಪಾಠ ಹೇಳುವ ಹೆಂಗಸರ ವಿಷಯ. ಗುರುವಂದನೆಯ ದಿನ ಈ ಮಾತು ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆಗ ನಿಮ್ಮೆಲ್ಲರಲ್ಲಿ ಒಂದು ಬೇಡಿಕೆಯನ್ನೂ ಇಡುತ್ತೇನೆ.

ನಾನು ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 1987ರಲ್ಲಿ. ಗಣಿತದಲ್ಲಿ ಒಳ್ಳೆ ಅಂಕ ಬಂತು. ಅದಕ್ಕೆ ಕಾರಣರಾದ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ನಾನು ತಪ್ಪು ಲೆಕ್ಕ ಹೇಳಿದರೆ ಈಗಲೂ ಎದ್ದು ನಿಂತು ತಿದ್ದುತ್ತಾರೆ ಎಂಬ ಭಯ ಇದ್ದೇ ಇದೆ. ಮುಂದೆ ಬಿ.ಎಸ್‌ಸಿ., ಬಿ.ಎಡ್. ಮಾಡಿ ಕೆಲವು ವರ್ಷ ಖಾಸಗಿ ಶಾಲೆಯೊಂದರಲ್ಲಿ ಕಡಿಮೆ ಸಂಬಳಕ್ಕೆ ದುಡಿದೆ. ಮನೆಯ ಮೇಲೆ ಸಾಲವಿತ್ತು. ಮಾಲ್ಡೀವ್ಸ್‌ಗೆ ಗಣಿತದ ಶಿಕ್ಷಕರು ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. 2006ರಲ್ಲಿ ತಿರುವನಂತಪುರದಿಂದ ವಿಮಾನ ಹತ್ತಿದೆ. ಏಳು ವರ್ಷ ಅಲ್ಲಿದ್ದೆ.

ಮಕ್ಕಳಿಗಾಗಿ ಆ ದೇಶದ ಬಗ್ಗೆ ಎರಡು ಮಾತು. ಅರಬ್ಬೀ ಸಮುದ್ರ ದಾಟಿ ಲಕ್ಷದ್ವೀಪಕ್ಕಿಂತ ಕೆಳಗೆ, ನೀರಿನ ನಡುವೆ ಮಣಿಸರ ಬಿಚ್ಚಿ ಚೆಲ್ಲಿದಂತೆ ಸುಮಾರು 1,190 ಹವಳದ ದ್ವೀಪಗಳಿವೆ. ಜನ ವಾಸ ಮಾಡುವುದು ಅವುಗಳಲ್ಲಿ ಸುಮಾರು 190ರಲ್ಲಿ ಮಾತ್ರ. 2022ರ ಜನಗಣತಿಯಂತೆ, ದುಡಿಯಲು ಬಂದ ಹೊರದೇಶದವರೂ ಸೇರಿ ಅಲ್ಲಿರುವವರು 5 ಲಕ್ಷದ 15 ಸಾವಿರದಷ್ಟು ಜನ. ಅಂದರೆ ನಮ್ಮ ಕಡೆಯ ಎರಡು ತಾಲ್ಲೂಕುಗಳ ಜನಸಂಖ್ಯೆ. ಅವರು ಆಡುವ ಭಾಷೆ ದಿವೇಹಿ. ಅಲ್ಲಿ ಹಡಗಿನಂಥ ಮರದ ದೋಣಿಗೆ ಏನನ್ನುತ್ತಾರೆ ಗೊತ್ತೆ? "ದೋಣಿ" ಎಂದೇ ಅನ್ನುತ್ತಾರೆ. ಮೊದಲ ದಿನ ಬಂದರಿನಲ್ಲಿ ಆ ಪದ ಕಿವಿಗೆ ಬಿದ್ದಾಗ ನನಗೆ ಅರ್ಧ ಭಯ ಹೋಯಿತು.

ನನ್ನನ್ನು ಹಾಕಿದ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಇಪ್ಪತ್ತು ನಿಮಿಷ ಸಾಕು. ಒಂದು ಮಸೀದಿ, ಒಂದು ಆರೋಗ್ಯ ಕೇಂದ್ರ, ನಾಲ್ಕಾರು ಅಂಗಡಿ, ಒಂದು ಶಾಲೆ. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ತೆಂಗಿನ ಮರಗಳ ಕೆಳಗೆ ಎರಡು ಕೋಣೆಗಳಲ್ಲಿ ನರ್ಸರಿ, ಎಲ್‌ಕೆಜಿ, ಯುಕೆಜಿ ನಡೆಯುತ್ತಿತ್ತು. ಹೆಸರುಗಳು ನಮ್ಮ ಊರಿನವೇ. ನಾನು ಹೈಸ್ಕೂಲಿನ ಗಣಿತದ ಟೀಚರು, ಬಿ.ಎಡ್. ಆದವಳು ಎಂಬ ಜಂಬ ಒಂದಿಷ್ಟಿತ್ತು. ಮೊದಲ ಕೆಲವು ತಿಂಗಳು ಆ ಎರಡು ಕೋಣೆಗಳ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಯೂ ವರ್ಷಕ್ಕೊಮ್ಮೆ ಅಂಕಿ-ಅಂಶದ ಫಾರಂ ತುಂಬಿ ಇಲಾಖೆಗೆ ಕಳಿಸಬೇಕು. ಗಣಿತದವರು ಅಂದ ಮೇಲೆ ಆ ಕೆಲಸ ನನ್ನ ಕೊರಳಿಗೇ ಬಿತ್ತು. ಇಲ್ಲಿರುವ ಗಣಿತ ಮೇಷ್ಟ್ರುಗಳಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಶಿಕ್ಷಕರ ಸಂಖ್ಯೆ: ಗಂಡು, ಹೆಣ್ಣು, ಒಟ್ಟು. ಹೈಸ್ಕೂಲಿನ ಸಾಲಿನಲ್ಲಿ ಗಂಡಸರು ಹೆಚ್ಚು, ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ಪ್ರಾಥಮಿಕದ ಸಾಲಿನಲ್ಲಿ ಹೆಂಗಸರು ಹೆಚ್ಚು. ಎಲ್ಲಕ್ಕಿಂತ ಕೆಳಗಿನ ಸಾಲು ನರ್ಸರಿಯದು. ಗಂಡು: ಸೊನ್ನೆ. ಹೆಣ್ಣು: ನಾಲ್ಕು. ಒಟ್ಟು: ನಾಲ್ಕು.

ಏಳು ವರ್ಷದಲ್ಲಿ ಆ ಸಾಲಿನ ಎರಡನೆಯ ಅಂಕಿ ನಾಲ್ಕಿದ್ದದ್ದು ಐದಾಯಿತು. ಮೊದಲನೆಯದು ಸೊನ್ನೆಯಿಂದ ಅಲುಗಲೇ ಇಲ್ಲ. ಒಮ್ಮೆ ಮುಖ್ಯೋಪಾಧ್ಯಾಯರನ್ನು ಕೇಳಿದೆ, "ಸಾರ್, ನರ್ಸರಿಗೆ ಒಬ್ಬ ಗಂಡಸೂ ಅರ್ಜಿ ಹಾಕುವುದಿಲ್ಲವೆ?" ಅವರು ನಕ್ಕು, "ಅದು ಗಂಡಸರು ಮಾಡುವ ಕೆಲಸವೇ ಮಿಸ್?" ಎಂದರು. ನಾನೂ ನಕ್ಕೆ. ಆಮೇಲೆ ಯೋಚನೆಗೆ ಬಿದ್ದೆ. ಇದೇ ಪ್ರಶ್ನೆ ನಮ್ಮೂರಲ್ಲಿ ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತಲ್ಲ?

ಅದು ನಮ್ಮ ದ್ವೀಪವೊಂದರ ಕತೆಯಲ್ಲ. ಆ ಇಡೀ ದೇಶದಲ್ಲಿ ನರ್ಸರಿ ಶಿಕ್ಷಕರೆಂದರೆ ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ದೇಶ ದೊಡ್ಡದಾದರೂ ಲೆಕ್ಕ ಅಷ್ಟೊಂದು ಬದಲಾಗುವುದಿಲ್ಲ. ಯುನೆಸ್ಕೋ ಲೆಕ್ಕದಂತೆ ಇಡೀ ಪ್ರಪಂಚದಲ್ಲಿ ಶಾಲಾಪೂರ್ವ ಮಕ್ಕಳಿಗೆ ಕಲಿಸುವ 100 ಜನರಲ್ಲಿ ಸುಮಾರು 94 ಜನ ಹೆಂಗಸರು. ಪ್ರಾಥಮಿಕ ಶಾಲೆಗೆ ಬಂದರೆ ಮೂರರಲ್ಲಿ ಎರಡು ಪಾಲು. ಹೈಸ್ಕೂಲಿನಲ್ಲಿ ಹತ್ತಿರ ಹತ್ತಿರ ಅರ್ಧ. ವಿಶ್ವವಿದ್ಯಾಲಯಕ್ಕೆ ಹೋದರೆ 43ರ ಆಸುಪಾಸು. ಮಕ್ಕಳು ಬೆಳೆದಂತೆ, ಸಂಬಳ ಬೆಳೆದಂತೆ, ಗೌರವ ಬೆಳೆದಂತೆ ಹೆಂಗಸರ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಅಷ್ಟೂ ಜನ ಹೆಂಗಸರು ನಿಂತಿರುವುದನ್ನು ನೋಡಿ "ಎಂಥಾ ಮಹಿಳಾ ಪ್ರಗತಿ" ಎಂದು ಹೊಗಳಿ ಸುಮ್ಮನಾದರೆ ಲೆಕ್ಕ ಅರ್ಧಕ್ಕೇ ನಿಂತಂತೆ.

ಹಾಗೆಂದು ಆ ಕೆಲಸದಿಂದ ಅವರಿಗೆ ಏನೂ ಸಿಕ್ಕಿಲ್ಲ ಎಂದರೂ ತಪ್ಪಾಗುತ್ತದೆ. ಆ ದೇಶದ ಬದುಕು ನಿಂತಿರುವುದು ಎರಡರ ಮೇಲೆ, ಮೀನು ಮತ್ತು ಪ್ರವಾಸಿಗರು. ಮೀನಿಗೆ ಗಂಡಸರು ಹೋಗುತ್ತಾರೆ. ರೆಸಾರ್ಟುಗಳು ಬೇರೆ ದ್ವೀಪಗಳಲ್ಲಿರುತ್ತವೆ. ಅಲ್ಲಿ ಕೆಲಸ ಮಾಡುವವರು ಅಲ್ಲೇ ಉಳಿಯಬೇಕು, ತಿಂಗಳುಗಟ್ಟಲೆ ಮನೆ ಬಿಡಬೇಕು. ಹೆಣ್ಣುಮಕ್ಕಳನ್ನು ಹಾಗೆ ಕಳಿಸಲು ಮನೆಯವರು ಹಿಂದೆಮುಂದೆ ನೋಡುತ್ತಾರೆ, ಮಕ್ಕಳ ತಾಯಂದಿರಿಗಂತೂ ಸಾಧ್ಯವೇ ಇಲ್ಲ. ತನ್ನ ಸ್ವಂತ ದ್ವೀಪದಲ್ಲೇ ಇದ್ದುಕೊಂಡು, ಸಂಜೆ ಮನೆಗೆ ಬಂದು ಅಡಿಗೆ ಮಾಡಿ, ತಿಂಗಳ ಕೊನೆಗೆ ತನ್ನ ಕೈಯಲ್ಲಿ ತನ್ನದೇ ಸಂಬಳ ಹಿಡಿಯುವ ಅವಕಾಶ ಒಬ್ಬ ಹೆಂಗಸಿಗೆ ಎಲ್ಲಿದೆ? ಆರೋಗ್ಯ ಕೇಂದ್ರ, ದ್ವೀಪದ ಆಫೀಸು, ಇಲ್ಲವಾದರೆ ಶಾಲೆ. ವಿಚ್ಛೇದನ ಬಹಳ ಹೆಚ್ಚಿರುವ ದೇಶ ಅದು. ಅಲ್ಲಿ ಈ ಸಂಬಳದ ಬೆಲೆ ದೊಡ್ಡದು. ನಮ್ಮ ನರ್ಸರಿಯ ಟೀಚರುಗಳಲ್ಲಿ ಇಬ್ಬರು ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದರು, ಯಾರ ಮುಂದೆಯೂ ಕೈಚಾಚದೆ.

ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವುದು ಅಲ್ಲಿನ ಹೆಂಗಸರಿಗೆ ಹೊಸದೂ ಅಲ್ಲ. ಸರ್ಕಾರಿ ಶಾಲೆಗಳು ಬರುವುದಕ್ಕೆ ಬಹಳ ಮುಂಚೆಯೇ ಅಲ್ಲಿ "ಎದುರುಗೆ" ಎಂಬ ಪದ್ಧತಿಯಿತ್ತು. ಎದುರು ಅಂದರೆ ಗುರು, ಗೆ ಅಂದರೆ ಮನೆ. ಗುರುವಿನ ಮನೆ. ನಮ್ಮ ಹಿರಿಯರು ಹೇಳುವ ಐಗಳ ಮಠದ ಹಾಗೆ. ಮೂರು ನಾಲ್ಕು ವರ್ಷದ ಮಕ್ಕಳು ಹತ್ತಿರದ ಮನೆಯೊಂದಕ್ಕೆ ಹೋಗಿ ಕುರಾನು ಓದುವುದನ್ನು, ದಿವೇಹಿ ಅಕ್ಷರಗಳನ್ನು, ಸ್ವಲ್ಪ ಲೆಕ್ಕವನ್ನು ಕಲಿಯುತ್ತಿದ್ದರು. ಕಲಿಸುವವರಲ್ಲಿ ಮನೆಯ ಹಿರಿಯ ಹೆಂಗಸರೂ ಇರುತ್ತಿದ್ದರು. ಮರದ ಹಲಗೆಯ ಮೇಲೆ ನುಣ್ಣನೆಯ ಬಿಳಿ ಮರಳು ಹರವಿ ಬೆರಳಲ್ಲಿ ಅಕ್ಷರ ತಿದ್ದಿಸುತ್ತಿದ್ದರಂತೆ. ಇದನ್ನು ಕೇಳಿದಾಗ ಮರಳಿನಲ್ಲಿ ಅ, ಆ ತಿದ್ದಿದ ನಮ್ಮ ಅಜ್ಜನ ನೆನಪಾಯಿತು. ಊರಿಂದ ಊರಿಗೆ ಹರಡಿ ಬಿದ್ದ ಆ ದೇಶದಲ್ಲಿ ಓದುಬರಹ ಬಲ್ಲವರು ಇಷ್ಟೊಂದು ಜನ ಇರುವುದಕ್ಕೆ ಈ ಮನೆಶಾಲೆಗಳೇ ಬುನಾದಿ.

1978ರಿಂದೀಚೆಗೆ ಸರ್ಕಾರ ದೂರದ ದ್ವೀಪಸಮೂಹಗಳಿಗೂ ಶಾಲೆ ಕಟ್ಟಿಸತೊಡಗಿತು. 1984ರಲ್ಲಿ ರಾಜಧಾನಿ ಮಾಲೆಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಬಂತು. ಆದರೆ ತೀರಾ ಚಿಕ್ಕ ಮಕ್ಕಳ ಶಾಲೆಗಳನ್ನು ಬಹಳ ಕಾಲ ಊರಿನವರೋ ಖಾಸಗಿಯವರೋ ತಾವೇ ನಡೆಸಿಕೊಂಡು ಬಂದರು. ಕ್ರಮೇಣ ಎಲ್‌ಕೆಜಿ, ಯುಕೆಜಿಗಳು ಸರ್ಕಾರಿ ಶಾಲೆಗಳ ಒಳಗೆ ಸೇರಿದವು. ಅಂದರೆ ಸರ್ಕಾರದ ಕಣ್ಣು ದೊಡ್ಡ ಮಕ್ಕಳ ಮೇಲೆ ಮೊದಲು ಬಿತ್ತು, ಚಿಕ್ಕವರ ಮೇಲೆ ಆಮೇಲೆ. ಚಿಕ್ಕವರ ಟೀಚರುಗಳ ಮೇಲೆ ಇನ್ನೂ ಆಮೇಲೆ.

ಈಗ ನನ್ನ ಜಂಬ ಇಳಿದ ದಿನದ ಕತೆ ಹೇಳುತ್ತೇನೆ.

ಎರಡನೆಯ ವರ್ಷ ನನಗೆ ಆರನೇ ತರಗತಿಯನ್ನೂ ಕೊಟ್ಟರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಭಿನ್ನರಾಶಿ ಶುರುಮಾಡಿದೆ. ವಾರ ಕಳೆಯಿತು. ಅರ್ಧದ ಅರ್ಧ ಎಷ್ಟು ಎಂದರೆ ತರಗತಿಯಲ್ಲಿ ಮೌನ. ಚಿತ್ರ ಬರೆದೆ, ಕಾಗದ ಮಡಚಿದೆ, ದನಿ ಏರಿಸಿದೆ, ಏನೂ ಆಗಲಿಲ್ಲ. ಈ ಮಕ್ಕಳು ದಡ್ಡರು ಎಂದು ಸ್ಟಾಫ್ ರೂಮಿನಲ್ಲಿ ಅಂದುಬಿಟ್ಟೆ. ನರ್ಸರಿಯ ಹಿರಿಯ ಟೀಚರು ಅಲ್ಲೇ ನೀರು ಕುಡಿಯುತ್ತಿದ್ದರು. ಏನೂ ಮಾತಾಡಲಿಲ್ಲ. ಮರುದಿನ ನನ್ನ ಪೀರಿಯಡ್ಡಿಗೆ ಬಾಗಿಲಲ್ಲಿ ಬಂದು ನಿಂತು, "ಹತ್ತು ನಿಮಿಷ ಕೊಡುತ್ತೀರಾ ಮಿಸ್?" ಎಂದರು. ಕೈಯಲ್ಲಿ ಮನೆಯಿಂದ ತಂದ ರೊಶಿ. ನಮ್ಮ ಚಪಾತಿಯಂಥದ್ದೇ. ಅದನ್ನು ಮುರಿಯುತ್ತಾ, ಹಂಚುತ್ತಾ, ದಿವೇಹಿಯಲ್ಲಿ ಏನೋ ಕೇಳುತ್ತಾ ಹೋದರು. ಮಕ್ಕಳು ನಗುತ್ತಾ ಕೂಗಿ ಉತ್ತರ ಹೇಳತೊಡಗಿದರು. ಆಮೇಲೆ ಅವರು ಬೋರ್ಡಿನ ಮೇಲೆ ನನ್ನ ಇಂಗ್ಲಿಷ್ ಪದವನ್ನೇ ಬರೆದು, ಅದರ ಪಕ್ಕ ಅವರ ಪದ ಬರೆದು, ನನಗೆ ನಮಸ್ಕರಿಸುವ ಹಾಗೆ ತಲೆಬಾಗಿ ಹೊರಟುಹೋದರು.

ಆ ಮಕ್ಕಳಿಗೆ ಅರ್ಧ ಗೊತ್ತಿತ್ತು. ನಾಲ್ಕನೇ ವಯಸ್ಸಿನಲ್ಲೇ ಅವರ ಕೈಯಲ್ಲಿ ರೊಟ್ಟಿ ಮುರಿಸಿ ಆಕೆ ಕಲಿಸಿದ್ದರು. ಅದನ್ನು ಕರೆಯುವ ಪದ ನನ್ನ ಬಳಿ ಇರಲಿಲ್ಲ, ಅಷ್ಟೇ. ದಡ್ಡರು ಯಾರು ಎಂಬುದು ಆ ದಿನ ಸ್ಪಷ್ಟವಾಯಿತು.

ಅವತ್ತಿನಿಂದ ಬಿಡುವಾದಾಗ ನರ್ಸರಿ ಕೋಣೆಯ ಹಿಂದೆ ಹೋಗಿ ಕೂರತೊಡಗಿದೆ. ದಿವೇಹಿ ಅಕ್ಷರವನ್ನು ಕಲಿತದ್ದೂ ಅಲ್ಲೇ. ಆ ಲಿಪಿಯ ಹೆಸರು ತಾನ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬೀ ಅಂಕಿಗಳಿಂದ, ಮುಂದಿನ ಒಂಬತ್ತು ಅವರದೇ ಹಳೆಯ ಅಂಕಿಗಳಿಂದ. ಲೆಕ್ಕದಿಂದಲೇ ಅಕ್ಷರ ಮಾಡಿಕೊಂಡ ಜನ! ಗಣಿತದವಳಿಗೆ ಇದಕ್ಕಿಂತ ಸಂತೋಷ ಏನು ಬೇಕು? ಮನೆಯಲ್ಲಿ ದಿವೇಹಿ, ಕುರಾನಿಗೆ ಅರಬ್ಬೀ, ಪಾಠಕ್ಕೆ ಇಂಗ್ಲಿಷ್. ಎರಡು ಬಲದಿಂದ ಎಡಕ್ಕೆ, ಒಂದು ಎಡದಿಂದ ಬಲಕ್ಕೆ. ಐದು ವರ್ಷದ ಮಗು ಈ ಮೂರರ ನಡುವೆ ದಾರಿ ತಪ್ಪದ ಹಾಗೆ ಕೈಹಿಡಿದು ನಡೆಸುವವರು ಆ ನಾಲ್ಕು ಜನ. ಆ ಕೆಲಸವನ್ನು ನಾನು ಮಾಡಲಾರೆ, ಹೈಸ್ಕೂಲಿನ ನಮ್ಮ ಯಾವ ಪದವೀಧರರೂ ಮಾಡಲಾರರು.

ಆಗ ಫಾರಂನ ಆ ಸಾಲಿಗೆ ಇನ್ನೊಂದು ಅರ್ಥ ಕಾಣಿಸಿತು. ಹೈಸ್ಕೂಲಿನ ಸಾಲಿನಲ್ಲಿದ್ದವರು ಬಹುಪಾಲು ನಾವು, ಹೊರಗಿನವರು. ಒಪ್ಪಂದ ಮುಗಿದರೆ ಪೆಟ್ಟಿಗೆ ಕಟ್ಟುವವರು. ನಾನಿದ್ದ ಏಳು ವರ್ಷದಲ್ಲಿ ಇಂಗ್ಲಿಷಿಗೆ ನಾಲ್ಕು ಜನ ಬಂದು ಹೋದರು, ವಿಜ್ಞಾನಕ್ಕೆ ಐದು ಜನ. ನರ್ಸರಿಯ ಆ ನಾಲ್ವರು ಮಾತ್ರ ಅಲ್ಲೇ ಇದ್ದರು. ಊರಿನ ಪ್ರತಿಯೊಂದು ಮಗುವಿನ ಹೆಸರು, ಅದರ ಅಪ್ಪ ಯಾವ ದೋಣಿಯಲ್ಲಿದ್ದಾನೆ, ಯಾವ ಮಗುವಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಯಾರ ಮನೆಯಲ್ಲಿ ಜಗಳ, ಎಲ್ಲವೂ ಅವರಿಗೆ ಗೊತ್ತು. ಶಾಲೆಯ ನೆನಪೆಲ್ಲ ಇದ್ದದ್ದು ಆಫೀಸಿನ ಬೀರುವಿನಲ್ಲಲ್ಲ, ಅವರ ತಲೆಯಲ್ಲಿ.

ಅಷ್ಟಾದರೂ ಆ ಅಂಕಿ ಹೇಳದೆ ಬಿಡುವ ಸಂಗತಿಗಳೇ ಹೆಚ್ಚು. ಗಣಿತದ ಟೀಚರಾಗಿ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳುತ್ತೇನೆ. ಚಿಕ್ಕ ದೇಶದ ಶೇಕಡಾವಾರು ನೋಡಿ ಬೆರಗಾಗಬೇಡಿ. ಸಾವಿರ ಜನರಿರುವ ಕಡೆ ಶೇಕಡಾ ಒಂದು ಅಂದರೆ ಬರೀ ಹತ್ತು ಜನ. ನಾಲ್ಕೇ ಜನರಿರುವ ಶಾಲೆಗೆ ಒಬ್ಬ ಗಂಡಸು ಬಂದುಬಿಟ್ಟರೆ ಶೇಕಡಾ 100 ಇದ್ದದ್ದು 80ಕ್ಕೆ ಬೀಳುತ್ತದೆ. ಆದ್ದರಿಂದ ಎಷ್ಟು ಜನ ಎಂದು ಕೇಳಿದ ಮೇಲೆ ಇನ್ನೂ ಕೇಳಬೇಕು. ಒಬ್ಬೊಬ್ಬರ ಮುಂದೆ ಎಷ್ಟು ಮಕ್ಕಳು ಕೂತಿದ್ದಾರೆ? ಅವರಲ್ಲಿ ತರಬೇತಿ ಪಡೆದವರೆಷ್ಟು? ತರಬೇತಿಗಾಗಿ ಮಾಲೆಗೆ ಹೋದರೆ ಅವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಅವರಿಗೆ ಬಡ್ತಿ ಇದೆಯೆ? ಮುಖ್ಯೋಪಾಧ್ಯಾಯರ ಕುರ್ಚಿಯವರೆಗೆ ಅವರಲ್ಲಿ ಯಾರಾದರೂ ಹೋಗಿದ್ದಾರೆಯೆ? ಫಾರಂನಲ್ಲಿ ನಾನು ತುಂಬಿದ ಆ ಸಾಲಿನಲ್ಲಿ ಇವಕ್ಕೆ ಜಾಗ ಇರಲಿಲ್ಲ.

ಸೊನ್ನೆಯ ವಿಷಯವನ್ನೂ ಹೇಳಬೇಕು. ಅಪ್ಪ ಸಮುದ್ರದಲ್ಲಿ, ಇಲ್ಲವೇ ರೆಸಾರ್ಟಿನಲ್ಲಿ. ಶಾಲೆಗೆ ಬಂದರೆ ಅಲ್ಲಿಯೂ ಗಂಡಸರಿಲ್ಲ. ಮಕ್ಕಳನ್ನು ಒರೆಸಿ ತೊಳೆದು, ಹಾಡು ಹೇಳಿ, ಕತೆ ಹೇಳಿ ಬೆಳೆಸುವುದು ಹೆಂಗಸರ ಕೆಲಸ ಎಂಬ ಪಾಠವನ್ನು ಮಗು ಅಕ್ಷರಕ್ಕಿಂತ ಮೊದಲೇ ಕಲಿತುಬಿಡುತ್ತದೆ. ಯಾರೂ ಅದನ್ನು ಬೋರ್ಡಿನ ಮೇಲೆ ಬರೆಯುವುದಿಲ್ಲ.

ಇನ್ನು ನಮ್ಮೂರಿಗೆ ಬರುತ್ತೇನೆ. ಈ ಶಾಲೆ ಶುರುವಾದದ್ದು 1975ರಲ್ಲಿ. ಅದೇ ವರ್ಷ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ನಮ್ಮ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ನಮ್ಮ ಶಾಲೆಗೂ ಆ ಯೋಜನೆಗೂ ಒಂದೇ ವಯಸ್ಸು. ಶಾಲೆಯ ಸುವರ್ಣ ಮಹೋತ್ಸವಕ್ಕೆ ಶಾಮಿಯಾನ ಹಾಕಿದ್ದೇವೆ, ಅದಕ್ಕೆ ಯಾರೂ ಹಾಕಿಲ್ಲ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಕಲಿಸುವವರೂ ಹೆಂಗಸರು, ಅಡಿಗೆ ಮಾಡಿ ಬಡಿಸುವವರೂ ಹೆಂಗಸರು. ಅವರಿಗೆ ಕೊಡುವುದನ್ನು ಇಂದಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು, ಅದೂ 2022ರಲ್ಲಿ. ನಲವತ್ತೇಳು ವರ್ಷ ಆದ ಮೇಲೆ.

ಅಂಗನವಾಡಿ ನಮ್ಮೂರಿಗೆ ಬರುವ ಮೊದಲು ರಾಮಮಂದಿರದ ಜಗಲಿಯ ಮೇಲೆ ಮಹಿಳಾ ಸಮಾಜದ ಶಿಶುವಿಹಾರ ನಡೆಯುತ್ತಿತ್ತು. ನನ್ನ ವಯಸ್ಸಿನವರಿಗೆ ನೆನಪಿರಬೇಕು. ಅಲ್ಲಿದ್ದ ಟೀಚರಮ್ಮ ಹುಣಿಸೆ ಬೀಜ ಜೋಡಿಸಿ ನನಗೆ ಎಣಿಸಲು ಕಲಿಸಿದರು. ಈ ಶಾಲೆಯ ಮೇಷ್ಟ್ರು ನನಗೆ ಬೀಜಗಣಿತ ಹೇಳಿಕೊಟ್ಟರು, ಬೀಜ ಎಣಿಸಲು ಹೇಳಿಕೊಟ್ಟವರು ಅವರು. ದ್ವೀಪದ ಆ ಟೀಚರು ರೊಶಿ ಮುರಿಯುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹುಣಿಸೆ ಬೀಜಗಳೇ. ನನ್ನ ಮೊದಲ ಗಣಿತದ ಗುರು ಯಾರು ಎಂದು ಅದುವರೆಗೆ ಯಾರಾದರೂ ಕೇಳಿದ್ದರೆ ನಾನೂ ಹೈಸ್ಕೂಲಿನ ಹೆಸರನ್ನೇ ಹೇಳುತ್ತಿದ್ದೆ. ಮೇಷ್ಟ್ರೇ, ಕ್ಷಮಿಸಿ, ನೀವು ಎರಡನೆಯವರು.

ನಿನ್ನೆ ಸಂಜೆ ಸಮಿತಿಯವರು ಸ್ಮರಣ ಸಂಚಿಕೆಯ ಕರಡು ತೋರಿಸಿದರು. ಐವತ್ತು ವರ್ಷದ ಮುಖ್ಯೋಪಾಧ್ಯಾಯರ ಪಟ್ಟಿ ಇದೆ, ಶಿಕ್ಷಕರ ಪಟ್ಟಿ ಇದೆ, ದಾನಿಗಳ ಪಟ್ಟಿ ಇದೆ, ಜವಾನರ ಹೆಸರನ್ನೂ ಮರೆತಿಲ್ಲ. ನಿಜಕ್ಕೂ ಸಂತೋಷವಾಯಿತು. ಆದರೆ ಈ ಶಾಲೆಗೆ ಐವತ್ತು ವರ್ಷ ಮಕ್ಕಳನ್ನು ತಯಾರು ಮಾಡಿ ಕಳಿಸಿದ ಶಿಶುವಿಹಾರದ, ಅಂಗನವಾಡಿಯ ಒಬ್ಬ ಹೆಂಗಸಿನ ಹೆಸರೂ ಅಲ್ಲಿಲ್ಲ. ಅವರು ಹೈಸ್ಕೂಲಿನ ಸಿಬ್ಬಂದಿಯಲ್ಲ, ಇಲಾಖೆಯೂ ಬೇರೆ ಎಂಬುದು ಸರಿ. ಯಾರದೂ ತಪ್ಪಿಲ್ಲ. ಮಾಲ್ಡೀವ್ಸ್‌ನಲ್ಲಿ ಫಾರಂ ತುಂಬಿದ ನಾನೂ ಅವರನ್ನು ನಾಲ್ಕು ಎಂಬ ಅಂಕಿಯಾಗಿಯೇ ಬರೆದು ಕಳಿಸಿದವಳು.

ನನ್ನ ಬೇಡಿಕೆ ಇಷ್ಟೇ. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಒಂದು ಪುಟ ಬಿಡಿಸಿ. ನಮ್ಮೂರಲ್ಲೂ, ಈ ಶಾಲೆಗೆ ಮಕ್ಕಳು ಬರುವ ಅಕ್ಕಪಕ್ಕದ ಹಳ್ಳಿಗಳಲ್ಲೂ ಶಿಶುವಿಹಾರ, ಅಂಗನವಾಡಿಗಳಲ್ಲಿ ದುಡಿದ ಟೀಚರುಗಳ ಹೆಸರು, ಸಹಾಯಕಿಯರ ಹೆಸರು, ದುಡಿದ ವರ್ಷ, ಸಿಕ್ಕಷ್ಟನ್ನು ಹಾಕಿ. ಸಿಗದ ಹೆಸರುಗಳನ್ನು ಹುಡುಕಲು ನಾನು ಮನೆ ಮನೆಗೆ ಬರುತ್ತೇನೆ. ಆ ಪುಟದ ಖರ್ಚು ನನ್ನದು.

ಇನ್ನೊಂದು ಮಾತು ಇಲ್ಲಿರುವ ಗಂಡುಮಕ್ಕಳಿಗೆ. ನಿಮ್ಮಲ್ಲಿ ಯಾರಿಗಾದರೂ ಚಿಕ್ಕ ಮಕ್ಕಳ ಜೊತೆ ಆಡುವುದು, ಅವರಿಗೆ ಹೇಳಿಕೊಡುವುದು ಇಷ್ಟವಿದ್ದರೆ ನಾಚಿಕೆಪಡಬೇಡಿ. ಈಗ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿ ತೆರೆಯುತ್ತಿದ್ದಾರೆ. ಮುಂದೊಂದು ದಿನ ಯಾರೋ ಗಣಿತದ ಟೀಚರು ಫಾರಂ ತುಂಬುವಾಗ ಆ ಸೊನ್ನೆಯ ಜಾಗದಲ್ಲಿ ಒಂದು ಎಂದು ಬರೆಯಲಿ.

ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ, ನಮ್ಮೂರಿನ ಅಂಗನವಾಡಿಯ ಹಿಂದಿನ ಟೀಚರು, ಈಗಿನ ಟೀಚರು, ಸಹಾಯಕಿ ಅಮ್ಮ ಮೂವರೂ ಕೂತಿದ್ದಾರೆ. ಊಟ ಬಡಿಸುವುದಕ್ಕೆಂದು ಬಂದಿದ್ದಾರಂತೆ. ಇವತ್ತು ಗುರುವಂದನೆ. ದಯವಿಟ್ಟು ಅವರನ್ನು ಮುಂದಿನ ಸಾಲಿಗೆ ಕರೆಯಿರಿ. ಊಟ ನಾವು ಬಡಿಸೋಣ.

 ನನ್ನನ್ನು ಓದಿಸಿದ ಈ ಶಾಲೆಗೆ, ಅದಕ್ಕೂ ಮೊದಲು ಕೈಹಿಡಿದು ಎಣಿಸಲು ಕಲಿಸಿದ ಆ ತಾಯಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.